ನೂರಾ ಹದಿನೇಳನೆಯ ಬಿಲ್ಲೆ

ಶಂಕರನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಪಂಚಾಯ್ತಿ ರಾಜಕೀಯದಲ್ಲಿ ಮೂಗು ತೂರಿಸುವ ಚಟವೂ ಇರಲಿಲ್ಲ. ಐವತ್ನಾಲ್ಕು ವರ್ಷದ ಆ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು, ಅದು ಬಿಲ್ಲೆಗಳದು. ಹಿಂದೆಲ್ಲ ಕಾಫಿ ಎಸ್ಟೇಟುಗಳಲ್ಲಿ ಆಳಿಗೊಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಒಂದು ಮಗ್ಗುಲಲ್ಲಿ ಎಸ್ಟೇಟಿನ ಹೆಸರು, ಇನ್ನೊಂದರಲ್ಲಿ ನಂಬರು. ಬೆಳಿಗ್ಗೆ ಕೆಲಸಕ್ಕೆ ಬಂದವರು ಅದನ್ನು ರೈಟರ ಕೈಗೆ ಕೊಡಬೇಕು, ಸಂಜೆ ಕೆಲಸ ಮುಗಿದ ಮೇಲೆ ವಾಪಸು ಇಸಿದುಕೊಳ್ಳಬೇಕು. ಬಿಲ್ಲೆ ತಾರದವರಿಗೆ ಹಾಜರಿಯಿಲ್ಲ, ಕಳೆದವರಿಗೆ ದಂಡ. ಆ ಕಾಲ ಮುಗಿದು ಇಪ್ಪತ್ತೈದು ಮೂವತ್ತು ವರ್ಷವಾಯಿತು. ಬಿಲ್ಲೆಗಳನ್ನು ಎಸ್ಟೇಟಿನವರು ಗೋಣಿಚೀಲದಲ್ಲಿ ತುಂಬಿ ಗುಜರಿಗೆ ತೂಕಕ್ಕೆ ಹಾಕಿದರು. ಹಾಗೆ ಹೋದದ್ದನ್ನು ಹುಡುಕಿ ಹುಡುಕಿ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಡುವುದೇ ಶಂಕರನ ಶೋಕಿ.

ಅವನೂ ರೈಟರೇ. ಬಾಳೂರಿನ ಮೇಲಿನ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೊಯ್ಲಿನ ತೂಕ, ಬಟವಾಡೆ ಎಲ್ಲವನ್ನೂ ಬುಕ್ಕಿಗೇರಿಸುವ ಕೆಲಸ. ಇಪ್ಪತ್ತೆಂಟು ವರ್ಷ ಹಾಗೆ ಬರೆದು ಬರೆದು ಅವನಿಗೊಂದು ನಂಬಿಕೆ ಬೆಳೆದುಬಿಟ್ಟಿತ್ತು: ಬುಕ್ಕಿನಲ್ಲಿ ಬರೆದದ್ದೇ ನಿಜ, ಬರೆಯದೆ ಇದ್ದದ್ದು ನಡೆದೇ ಇಲ್ಲ. ಮೇಸ್ತ್ರಿಗಳು ಈ ವಿಷಯಕ್ಕೆ ಅವನನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಬಿಲ್ಲೆ ಕೂಡಿಡುವವರು ಮೊದಲು ಈ ಸೀಮೆಯಲ್ಲಿ ನಾಲ್ಕೇ ಜನ. ಕೊಟ್ಟಿಗೆಹಾರದಲ್ಲಿ ಹೋಟೆಲ್ ಇಟ್ಟಿರುವ ಉಮೇಶ, ಗೋಣಿಬೀಡಿನ ಒಬ್ಬರು ರಿಟೈರಾದ ಮೇಷ್ಟ್ರು, ಕಳಸದ ಬಸ್ಸಿನ ಒಬ್ಬ ಕಂಡಕ್ಟರು, ಮತ್ತೆ ಶಂಕರ. ಫೋನಿನಲ್ಲಿ ಹಳೆಯ ನಾಣ್ಯ ಹರಾಜು ಹಾಕುವ ಆ್ಯಪು ಬಂದ ಮೇಲೆ ಅಲ್ಲಿಯೂ ಆಗೊಮ್ಮೆ ಈಗೊಮ್ಮೆ ಬಿಲ್ಲೆ ಕಾಣಿಸಿಕೊಳ್ಳುತ್ತಿತ್ತು. ಕಂಡ ಕೂಡಲೇ ಒಬ್ಬರು ವಾಟ್ಸಾಪ್ ಗುಂಪಿನಲ್ಲಿ "ಇದು ನಂಗಿರ್ಲಿ" ಎಂದು ಹಾಕುವರು, ಉಳಿದ ಮೂವರು ಕೈ ಹಾಕುತ್ತಿರಲಿಲ್ಲ. ಇನ್ನೂರಕ್ಕೋ ಮುನ್ನೂರಕ್ಕೋ ಬಿಲ್ಲೆ ಮನೆಗೆ ಬರುತ್ತಿತ್ತು. ಒಬ್ಬನಿಗೆ ಸಿಕ್ಕಿದ್ದನ್ನು ಉಳಿದವರು ಉಮೇಶನ ಹೋಟೆಲಿನಲ್ಲಿ ಕೂತು ಕೈಯಿಂದ ಕೈಗೆ ದಾಟಿಸಿ ನೋಡಿ, ಟೀ ಕುಡಿದು ಏಳುವರು. ಅಷ್ಟೇ ಸುಖ. ಅದನ್ನೂ ದೇವರು ಬಹಳ ದಿನ ಉಳಿಸಲಿಲ್ಲ.

ಚಿಕ್ಕಮಗಳೂರಿನ ಲಿಖಿತ್ ಎಂಬ ಹುಡುಗ ಗುಂಪಿಗೆ ಸೇರಿದ್ದು ಮೂರು ವರ್ಷದ ಹಿಂದೆ. ಮಾತಿಗೆ ಮುಂಚೆ ಒಂದು ಸಾರ್, ಮಾತಿನ ಹಿಂದೆ ಒಂದು ಸಾರ್. "ಸಾರ್, ನಾನು ಹೊಸಬ, ನಿಮ್ಮಂಥ ದೊಡ್ಡವರ ಹತ್ರ ಕಲೀಬೇಕು ಸಾರ್." ಹೀಗೆ ಬೆಣ್ಣೆ ಹಚ್ಚಿದರೆ ಯಾರು ಕರಗುವುದಿಲ್ಲ? ಶಂಕರನಂತೂ ಪೂರ್ತಿ ಕರಗಿಹೋದ. ಹತ್ತು ವರ್ಷದಿಂದ ಅವನು ಒಂದು ಉದ್ದನೆಯ ರಿಜಿಸ್ಟರು ಬರೆದಿಟ್ಟಿದ್ದ. ಯಾವ ಎಸ್ಟೇಟಿನದು ದುಂಡು ಬಿಲ್ಲೆ, ಯಾವುದರದು ಚೌಕ, ಎಷ್ಟು ನಂಬರು ಈವರೆಗೆ ಸಿಕ್ಕಿವೆ, ಆಳುಗಳ ಮನೆಸಾಲುಗಳಾದ ಲೈನುಗಳಲ್ಲಿ ಯಾವುದರಲ್ಲಿ ಕೇಳಿದರೆ ಹಳಬರ ಹತ್ತಿರ ಇನ್ನೂ ಇರಬಹುದು, ಎಲ್ಲವೂ ಅದರಲ್ಲಿತ್ತು. ತೀರ ಅಪರೂಪದ್ದಕ್ಕೆ ಕೆಂಪು ಇಂಕಿನಲ್ಲಿ ನಕ್ಷತ್ರ. ಕೊನೆಯಲ್ಲಿ, ಅಭ್ಯಾಸಬಲ ನೋಡಿ, ಹಾಜರಿ ಪುಸ್ತಕದಲ್ಲಿರುವ ಹಾಗೆಯೇ ಒಂದು ಷರಾ ಕಾಲಂ. ಈ ಪುಣ್ಯಾತ್ಮ ಒಂದು ಭಾನುವಾರ ಕೂತು ಆ ರಿಜಿಸ್ಟರಿನ ಎಪ್ಪತ್ತೆರಡೂ ಪುಟಗಳ ಫೋಟೋ ತೆಗೆದು, "ಎಲ್ಲರಿಗೂ ಉಪಯೋಗವಾಗಲಿ" ಎಂದು ಗುಂಪಿಗೆ ಹಾಕಿದ.

ಉಪಯೋಗವಾಯಿತು. ಲಿಖಿತ್ ಬಾಡಿಗೆ ಜೀಪು ಮಾಡಿಕೊಂಡು, ಶಂಕರನ ಪುಟಗಳನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, ಒಂದು ಲೈನಿನಿಂದ ಇನ್ನೊಂದು ಲೈನಿಗೆ ಹೊರಟ. ಕೆಂಪು ನಕ್ಷತ್ರ ಇದ್ದ ಕಡೆ ಮೊದಲು. ಒಂದು ಕಿಲೋ ಸಕ್ಕರೆ, ಅರ್ಧ ಕಿಲೋ ಟೀಪುಡಿ, ಒಂದು ನೂರರ ನೋಟು. ಮುದುಕಿಯರ ಟ್ರಂಕಿನ ತಳದಲ್ಲಿದ್ದ ಬಿಲ್ಲೆಗಳೆಲ್ಲ ಎದ್ದು ಬಂದವು. ಹಾಗೆ ಬಂದದ್ದನ್ನು ಅವನು ಒಟ್ಟಿಗೆ ಮಾರಲಿಲ್ಲ. ತಿಂಗಳಿಗೆ ಎರಡೋ ಮೂರೋ ಬಿಡುವನು, ಬಿಟ್ಟದ್ದರ ಮೇಲೆ ತಾನೇ ಬೇರೆ ಹೆಸರಿನಲ್ಲಿ ಕೂಗಿ ದರ ಹತ್ತಿಸುವನು. ಆ್ಯಪಿನಲ್ಲಿ ಕೂಗುವವರ ಹೆಸರು ಕಾಣುವುದಿಲ್ಲ, ಒಂದಕ್ಷರ ಬಿಟ್ಟು ಮಿಕ್ಕದ್ದೆಲ್ಲ ಚುಕ್ಕಿ. ಸಾಲದ್ದಕ್ಕೆ ಬಿಲ್ಲೆಯ ಕೆಳಗೆ ವಿವರಣೆ ಬೇರೆ: "ಅತಿ ಅಪರೂಪ. ಶಂಕರ್ ರಿಜಿಸ್ಟರಿನಲ್ಲಿ ನಕ್ಷತ್ರ ಪಡೆದದ್ದು."

ಮುನ್ನೂರರ ಬಿಲ್ಲೆ ಮೂರು ಸಾವಿರವಾಯಿತು. ಹೋಂಸ್ಟೇಯವರು ಗೋಡೆಗೆ ಚೌಕಟ್ಟು ಹಾಕಿಸಲು ಕೊಳ್ಳತೊಡಗಿದ ಮೇಲೆ ಐದೂ ಆಯಿತು. ಗೋಣಿಬೀಡಿನ ಮೇಷ್ಟ್ರು ಪೆನ್ಷನ್ನಿನಲ್ಲಿ ಇದೆಲ್ಲ ಸಾಗದು ಎಂದು ಗುಂಪು ಬಿಟ್ಟರು. ಕಂಡಕ್ಟರು ತನ್ನಲ್ಲಿದ್ದದ್ದನ್ನೆಲ್ಲ ಲಿಖಿತನಿಗೇ ಮಾರಿ ಬೈಕು ಕೊಂಡ. ಉಳಿದವರು ಉಮೇಶ ಮತ್ತು ಶಂಕರ.

"ನಮ್ಮ ಬುಡಕ್ಕೆ ನೀನೇ ಬೆಂಕಿ ಇಟ್ಯಲ್ಲ ಮಾರಾಯ" ಎಂದು ಉಮೇಶ ಹೋಟೆಲಿನ ಗಲ್ಲಾದಲ್ಲಿ ಕೂತು ಅನ್ನುತ್ತಿದ್ದ. "ಆ ಬುಕ್ಕು ಹಾಕು ಅಂತ ನಿಂಗೆ ಹೇಳಿದ್ಯಾರು?"

"ಅವ್ನು ದುಡ್ಡಿಗೆ ಮಾಡ್ತಾನೆ. ನಾವು ಹಂಗಲ್ಲ" ಎಂದು ಶಂಕರ ಬಿಗುವಿನಿಂದ ಹೇಳುವನು. "ಅವ್ನಿಗೆ ಅದು ಬರೀ ಹಿತ್ತಾಳೆ. ನಮಗೆ ಅದ್ರ ಹಿಂದೆ ಒಂದು ಜೀವ ಕಾಣ್ತದೆ."

ಈ ಮಾತನ್ನು ಅವನು ಮನಸಾರೆ ನಂಬಿದ್ದ. ನಂಬಲು ಕಾರಣವೂ ಇತ್ತು. ಅವನ ತಾಯಿ ಗಿಡ್ಡಮ್ಮ ನೇರಳೆಖಾನ್ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ಆಳಾಗಿ ದುಡಿದವಳು. ಅಲ್ಲಿ ಅವಳ ನಂಬರು ನೂರಾ ಹದಿನೇಳು. ಮೇಸ್ತ್ರಿ ಬೆಳಿಗ್ಗೆ "ನೂರಾ ಹದಿನೇಳು!" ಎಂದು ಕೂಗುವುದು, ಅವ್ವ "ಬಂದೆ" ಎಂದು ಓಡುವುದು, ಇದನ್ನು ಶಂಕರ ಚಿಕ್ಕಂದಿನಲ್ಲಿ ಎಷ್ಟೋ ಸಲ ಕಂಡಿದ್ದ. ಆ ಒಂದು ಬಿಲ್ಲೆ ಅವನಿಗೆ ಬೇಕಿತ್ತು. ಡಬ್ಬಿಯಲ್ಲಿದ್ದ ಇನ್ನೂರು ಬಿಲ್ಲೆಗಳೂ ಆ ಒಂದನ್ನು ಹುಡುಕುವ ದಾರಿಯಲ್ಲಿ ಸಿಕ್ಕವುಗಳೇ. ಅದನ್ನು ತಂದು ಅವ್ವನ ಕೈಯಲ್ಲಿಡಬೇಕು, ನೋಡವ್ವ, ಎಲ್ಲರೂ ಮರೆತರೂ ನಾನು ಮರೆತಿಲ್ಲ ಅನ್ನಬೇಕು. ಅವಳಿಗೆ ಎಪ್ಪತ್ತೊಂಬತ್ತು ತುಂಬಿತ್ತು, ತಡಮಾಡುವ ಹಾಗಿರಲಿಲ್ಲ.

ನೇರಳೆಖಾನ್ ಎಸ್ಟೇಟು ಕೈ ಬದಲಾಯಿಸಿದಾಗ ಹೊರಗೆಸೆದ ಹಳೆಯ ಬುಕ್ಕುಗಳನ್ನು ಶಂಕರ ಹೊತ್ತು ತಂದಿದ್ದ. ಅದರಲ್ಲಿ ಅವ್ವ ಕೆಲಸ ಬಿಟ್ಟ ವರ್ಷದ ಹಾಜರಿ ಪುಸ್ತಕವೂ ಸಿಕ್ಕಿತು. ನೂರಾ ಹದಿನೇಳರ ಎದುರು ಆಗಿನ ರೈಟರು ಮುದ್ದಾಗಿ ಬರೆದಿದ್ದರು: "ಬಿಲ್ಲೆ ಕಳೆದಿದೆ. ದಂಡ ವಸೂಲಾಗಿದೆ." ಕೆಳಗೆ ಸಹಿ. ಆ ಹೊತ್ತಿನಲ್ಲಿ ಅವನು ಅವ್ವನನ್ನು ಒಂದೇ ಒಂದು ಸಲ ಕೇಳಿದ್ದ.

"ನಿನ್ನ ಬಿಲ್ಲೆ ಎಂತ ಆತವ್ವ?"

"ಬುಕ್ಕಲ್ಲಿ ಎಂತ ಬರ್ದಿದಾರೆ?"

"ಕಳ್ದಿದೆ ಅಂತ."

"ಹಂಗಾರೆ ಹಂಗೇ" ಎಂದು ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದ್ದಳು. ಬುಕ್ಕಿಗೂ ಅವ್ವನಿಗೂ ತಾಳೆಯಾಯಿತಲ್ಲ, ರೈಟರಿಗೆ ಅಷ್ಟು ಸಾಕಾಯಿತು. ತೋಟದಲ್ಲಿ ಎಲ್ಲೋ ಬಿದ್ದಿರಬೇಕು, ಗುಂಡಿ ತೆಗೆಯುವವರಿಗೆ ಸಿಕ್ಕಿ ಗುಜರಿ ಸೇರಿರಬೇಕು, ಒಂದಲ್ಲ ಒಂದು ದಿನ ಮೇಲೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿದ. ತನ್ನ ರಿಜಿಸ್ಟರಿನಲ್ಲಿ ನೇರಳೆಖಾನ್ ಪುಟದ ಷರಾ ಕಾಲಮ್ಮಿನಲ್ಲಿ ಕೆಂಪು ಇಂಕಿನಲ್ಲಿ ಬರೆದ: "117, ನನ್ನ ತಾಯಿಯ ನಂಬರು. ಎಲ್ಲಿದ್ದರೂ ಬೇಕು, ಎಷ್ಟಾದರೂ ಸರಿ." ಆ ಪುಟದ ಫೋಟೋ ಕೂಡ ಗುಂಪಿಗೆ ಹೋಗಿತ್ತು. ಕೊಳ್ಳುವವನೇ ಎಷ್ಟಾದರೂ ಸರಿ ಎಂದು ಬರೆದು ಸಂತೆಗೆ ಹಂಚಿದ್ದನ್ನು ಈ ಸೀಮೆಯಲ್ಲಿ ಬೇರೆ ಯಾರೂ ಕಂಡಿರಲಿಕ್ಕಿಲ್ಲ.

ಈ ವರ್ಷ ಕಾಫಿ ಅರಳಿಸುವ ಹೂಮಳೆ ಬಿದ್ದ ವಾರದಲ್ಲಿ ನೂರಾ ಹದಿನೇಳು ಹರಾಜಿಗೆ ಬಂತು.

ಉಮೇಶ ಫೋನ್ ಮಾಡಿ ಹೇಳಿದಾಗ ಶಂಕರ ಕಾಫಿ ಗಿಡದ ಸಾಲಿನ ನಡುವೆ ನಿಂತಿದ್ದ. ನೆಟ್ಟು ಸರಿಯಾಗಿ ಸಿಗುವ ದಿಬ್ಬಕ್ಕೆ ಓಡಿ ಹೋಗಿ ಆ್ಯಪು ತೆರೆದ. ದುಂಡನೆಯ ಬಿಲ್ಲೆ, ನೇರಳೆಖಾನ್ ಎಂಬ ಹೆಸರು, ಹಿಂದೆ ನಂಬರು. "ಅಂಚಿನಲ್ಲಿ ಒಂದು ಕಚ್ಚು ಇದೆ. ಮೂಲ ಕಾರ್ಮಿಕ ಕುಟುಂಬದಿಂದಲೇ ಪಡೆದದ್ದು" ಎಂದು ಕೆಳಗೆ ಬರೆದಿತ್ತು. ಶಂಕರನಿಗೆ ಆ ಗಡಿಬಿಡಿಯಲ್ಲೂ ನಗು ಬಂತು. ಮರುಮಾರಾಟದವರು ಎಲ್ಲದಕ್ಕೂ ಹೀಗೇ ಬರೆಯುತ್ತಾರೆ, ಗುಜರಿಯಿಂದ ತಂದದ್ದಕ್ಕೂ ಕುಟುಂಬ ಕಟ್ಟುತ್ತಾರೆ. ಮೂಲ ಕುಟುಂಬ ಇಲ್ಲಿ ದಿಬ್ಬದ ಮೇಲೆ ನಿಂತಿದೆಯಪ್ಪಾ ಎಂದುಕೊಂಡ.

ಮಾರಾಟಕ್ಕಿಟ್ಟವನ ಹೆಸರು ಲಿಖಿತನದೇ ಇತ್ತು, ಅವನಿಗೇ ಫೋನ್ ಹಚ್ಚಿದ. ಹರಾಜಿನಿಂದ ತೆಗೆದು ನನಗೇ ಕೊಡು ಎಂದು ಮಾನ ಬಿಟ್ಟು ಕೇಳಿದ.

"ಅಯ್ಯೋ ಸಾರ್, ಅದು ನಂದಲ್ಲ, ಒಬ್ರು ಕ್ಲೈಂಟಿಂದು" ಎಂದ ಅವನು. "ಒಂದ್ಸಲ ಹರಾಜಿಗೆ ಹಾಕಿದ ಮೇಲೆ ತೆಗೆಯೋಕೆ ಬರಲ್ಲ ಸಾರ್. ನೀವು ಕೂಗಿ. ನಿಮಗೇ ಸಿಗ್ಲಿ ಅಂತ ನಾನೂ ದೇವ್ರಿಗೆ ಕೇಳ್ಕೊಳ್ತೀನಿ."

ಆ ದೇವರನ್ನು ಇವನು ಯಾಕೆ ಎಳೆದು ತಂದನೋ. ಶಂಕರನ ಹತ್ತಿರ ಎಂಟೋ ಒಂಬತ್ತೋ ಸಾವಿರವಿತ್ತು, ಬಚ್ಚಲುಮನೆಗೆ ಶೀಟು ಹೊದಿಸಲು ಹೆಂಡತಿ ರಂಜಿತಾ ಕೂಡಿಟ್ಟದ್ದು. ಅದು ಸಾಲದು ಎಂದು ಗೊತ್ತಿತ್ತು. ಡಬ್ಬಿ ತೆರೆದು, ಚೆನ್ನಾಗಿರುವ ಬಿಲ್ಲೆಗಳನ್ನೇ ಆರಿಸಿ ಆರಿಸಿ ಅರವತ್ತು ತೆಗೆದ. ಒಂದು ವಾರದೊಳಗೆ ಕೈಯಲ್ಲಿ ದುಡ್ಡು ಎಣಿಸುವ ಗಿರಾಕಿ ಈ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ಲಿಖಿತ್ ಬಾಳೂರಿಗೇ ಬಂದು, ಅರವತ್ತನ್ನೂ ಒಂದು ಕೈಚೀಲಕ್ಕೆ ಸುರಿದುಕೊಂಡು, ಹದಿನೈದು ಸಾವಿರವನ್ನು ಅಲ್ಲೇ ಫೋನಿನಲ್ಲಿ ಒತ್ತಿದ. ಒಂದೊಂದಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡುವ ಧೈರ್ಯ ಶಂಕರನಿಗೆ ಬರಲಿಲ್ಲ. ಲಿಖಿತ್ ಹೊರಡುವಾಗ ಜಗುಲಿಯ ಮೇಲಿದ್ದ ಗಿಡ್ಡಮ್ಮನನ್ನು ನೋಡಿ "ಆರಾಮಾ ಅಜ್ಜಿ?" ಎಂದ. ಅವಳು ತಲೆಯಾಡಿಸಿ ನಕ್ಕಳು. ಎಷ್ಟು ಸಲಿಗೆ ಈ ಕಳ್ಳನಿಗೆ ಎಂದು ಶಂಕರ ಹಲ್ಲು ಕಚ್ಚಿದ.

ಹರಾಜು ಮುಗಿಯುವುದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಬಾಳೂರಿನ ಸಿಗ್ನಲ್ಲನ್ನು ನಂಬುವಂತಿಲ್ಲ ಎಂದು ಶಂಕರ ಊಟವನ್ನೂ ಬಿಟ್ಟು ಕೊಟ್ಟಿಗೆಹಾರಕ್ಕೆ ಹೋಗಿ ಉಮೇಶನ ಹೋಟೆಲಿನ ಮೂಲೆಯ ಮೇಜು ಹಿಡಿದ. ಚಾರ್ಮಾಡಿ ಘಾಟಿ ಇಳಿಯುವವರೆಲ್ಲ ಅಲ್ಲಿ ನಿಂತು ನೀರುದೋಸೆ ತಿನ್ನುವ ಹೊತ್ತು. ಆ ಗದ್ದಲದ ನಡುವೆ ಇವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಮೂರಕ್ಕೆ ಹತ್ತು ನಿಮಿಷ ಇರುವಾಗ ಏಳು ಸಾವಿರ. ಶಂಕರ ಏಳೂವರೆ ಒತ್ತಿದ. ಚುಕ್ಕಿ ಚುಕ್ಕಿ ಹೆಸರಿನ ಒಬ್ಬ ಎಂಟು ಎಂದ. ಶಂಕರ ಎಂಟೂವರೆ. ಅವನು ಒಂಬತ್ತು. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಆ್ಯಪು ಇನ್ನೆರಡು ನಿಮಿಷ ಕೊಡುತ್ತದೆ. ಹಾಗೆ ಎರಡೆರಡೇ ನಿಮಿಷ ಕೂಡಿ ಮೂರೂ ಇಪ್ಪತ್ತಾಯಿತು, ದರ ಹದಿನೆಂಟಕ್ಕೆ ಹೋಯಿತು.

ಉಮೇಶ ಗಲ್ಲಾ ಬಿಟ್ಟು ಬಂದು ಪಕ್ಕದಲ್ಲಿ ಕೂತ. "ನಿಲ್ಸು ಮಾರಾಯ. ಅದು ಅವನದ್ದೇ ಇನ್ನೊಂದು ಅಕೌಂಟು. ನೀ ಬಿಟ್ರೆ ಅವನ ತಲೆ ಮೇಲೇ ಬೀಳ್ತದೆ. ಮುಂದಿನ ವಾರ ಅವನೇ ಫೋನ್ ಮಾಡಿ ಹತ್ತಕ್ಕೆ ಕೊಡ್ತಾನೆ ನೋಡು."

"ಅವ್ನಲ್ದೆ ಹೋದ್ರೆ? ಹೋಂಸ್ಟೇಯವ್ರಾಗಿದ್ರೆ?"

"ಆಗಿದ್ರೆ ಆಗ್ಲಿ."

"ನಮ್ಮವ್ವನ ನಂಬರನ್ನ ಅವ್ರು ಗೋಡೆಗೆ ಮೊಳೆ ಹೊಡೀಬೇಕಾ?" ಎಂದು ಶಂಕರ ಮತ್ತೆ ಒತ್ತಿದ. ಅವನಿಗೆ ಸಿಟ್ಟು ಬಂದದ್ದು ಲಿಖಿತನ ಮೇಲೆ, ಚುಕ್ಕಿಗಳ ಮೇಲೆ, ಪಕ್ಕದ ಮೇಜಿನಲ್ಲಿ ಸೆಲ್ಫಿ ತೆಗೆಯುತ್ತಿದ್ದವರ ಮೇಲೆ. ಅದೆಲ್ಲಕ್ಕಿಂತ ಹೆಚ್ಚು, ಸರಿಯಾದ ಮಾತನ್ನೇ ಹೇಳುತ್ತಿದ್ದ ಉಮೇಶನ ಮೇಲೆ. ಇಪ್ಪತ್ಮೂರೂವರೆ ಸಾವಿರಕ್ಕೆ ಎದುರಿನವನು ಸುಮ್ಮನಾದ. ಶಂಕರನ ಹತ್ತಿರ ಎಷ್ಟಿದೆ ಎಂದು ಅವನಿಗೆ ಹೆಚ್ಚುಕಡಿಮೆ ಗೊತ್ತಿತ್ತಲ್ಲ, ಹದಿನೈದು ಅವನೇ ಕೊಟ್ಟದ್ದು.

ಗೆದ್ದವರಿಗೆ ಅಭಿನಂದನೆ ಎಂದು ಫೋನಿನ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು.

ಪಾರ್ಸೆಲ್ಲು ಎಂಟು ದಿನಕ್ಕೆ ಬಂತು. ಬಿಲ್ಲೆಯ ಬೆಲೆ ಎರಡು ಸಾವಿರ ಎಂದು ರಂಜಿತಾಗೆ ಸುಳ್ಳು ಹೇಳಿಟ್ಟಿದ್ದ. ಅವಳು ಎಸ್ಟೇಟಿನ ಕೆಲಸಕ್ಕೆ ಹೋಗಿದ್ದ ಬೆಳಿಗ್ಗೆಯೇ ಶಂಕರ ರಜೆ ಹಾಕಿ ಮನೆಯಲ್ಲುಳಿದ. ಗಿಡ್ಡಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಶಂಕರ ಅವಳ ಎದುರು ಕುಕ್ಕರಗಾಲಲ್ಲಿ ಕೂತು, "ಕೈ ನೀಡವ್ವ" ಎಂದು ಬಿಲ್ಲೆಯನ್ನು ಅಂಗೈಯಲ್ಲಿಟ್ಟ. ಹತ್ತು ವರ್ಷ ಈ ಗಳಿಗೆಯನ್ನು ಮನಸ್ಸಿನಲ್ಲಿ ಆಡಿ ನೋಡಿದ್ದ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ತಾನೂ ಅಳಬಹುದು ಎಂದು ಜೇಬಿನಲ್ಲಿ ಕರ್ಚೀಫು ಇಟ್ಟುಕೊಂಡಿದ್ದ.

ಗಿಡ್ಡಮ್ಮ ಅದನ್ನು ಕಣ್ಣಿನ ಹತ್ತಿರ ತರಲೇ ಇಲ್ಲ. ಹೆಬ್ಬೆರಳಿನಿಂದ ಅಂಚು ಸವರಿದಳು. ಒಂದು ಕಡೆ ಬೆರಳು ನಿಂತಿತು.

"ಇದು ನಂದೇ" ಎಂದಳು. "ಈ ಕಚ್ಚು ನಾನೇ ಕತ್ತೀಲಿ ಹಾಕಿದ್ದು. ನಂಬರು ಓದಾಕೆ ಬತ್ತಿತ್ತಾ ನಂಗೆ? ರೈಟರು ರಾಶಿ ಹಾಕಿ ಕೊಟ್ಟಾಗ ಕಚ್ಚು ನೋಡಿ ತಗಳ್ತಿದ್ದೆ."

"ಹೂಂ ಅವ್ವ, ನಿಂದೇ. ಹತ್ತು ವರ್ಷ ಹುಡ್ಕಿದೀನಿ."

ಅವಳು ತಲೆಯೆತ್ತಿ ಅವನನ್ನು ವಿಚಿತ್ರವಾಗಿ ನೋಡಿದಳು. "ಹುಡ್ಕಾದು ಎಂತಕ್ಕೆ? ನನ್ನ ಟ್ರಂಕಲ್ಲೇ ಇತ್ತಲ್ಲ. ನೀವಿಬ್ರೂ ಕೆಲ್ಸಕ್ಕೆ ಹೋಗಿದ್ದಾಗ ಆ ಹುಡ್ಗ ಬಂದಿದ್ದ, ಅವ್ನಿಗೆ ಕೊಟ್ಟೆ."

"ಯಾವ ಹುಡ್ಗ?"

"ಚಿಕ್ಕಮಗ್ಳೂರಿನವ್ನು. ಮೊನ್ನೆ ನಿನ್ನ ಹತ್ರಾನೂ ಬಂದಿದ್ನಲ್ಲ, ಚೀಲ ತಗಂಡು ಹೋದ್ನಲ್ಲ, ಅವ್ನೇ."

"ಕಳ್ದಿದೆ ಅಂತ ಬುಕ್ಕಲ್ಲಿ ಇತ್ತಲ್ಲವ್ವ" ಎಂದ ಶಂಕರ. ಬೇರೇನೂ ಹೊಳೆಯದೆ ಅದೇ ಬಾಯಿಗೆ ಬಂತು.

"ಕಳ್ದಿದೆ ಅಂತ ನಾನೇ ಹೇಳಿದ್ದು. ಬಿಡೋ ದಿನ ವಾಪಸ್ ಕೊಡು ಅಂದ್ರು. ಕೊಡ್ಲಿಲ್ಲ. ದಂಡ ಕಟ್ಟಿ ಇಟ್ಕಂಡೆ. ಮೂವತ್ತೆರಡು ವರ್ಷ ದುಡ್ದು ನಂದು ಅಂತ ಅಲ್ಲಿಂದ ತಂದಿದ್ದು ಅದೊಂದೇ."

"ನಂಗೆ ಕೊಡ್ಬೋದಿತ್ತಲ್ಲ. ನಾ ಕೇಳಿರ್ಲಿಲ್ವಾ?"

ಗಿಡ್ಡಮ್ಮ ಎಲೆಯನ್ನು ಮಡಿಸಿ ಕೈಯಲ್ಲೇ ಹಿಡಿದಳು. ಹೇಳಲೋ ಬೇಡವೋ ಎಂದು ನೋಡಿದಂತಿತ್ತು. "ನೀನು ರೈಟರು ಕಣಪ್ಪ" ಎಂದಳು. "ದಿನಾ ಬೆಳಿಗ್ಗೆ ರೈಟರ ಕೈಗೆ ಅದ್ನ ಕೊಟ್ಟು ಕೊಟ್ಟು ಸಾಕಾಗಿತ್ತು ನಂಗೆ. ಇನ್ನೊಂದ್ಸಲ ಕೈ ಮುಂದೆ ಮಾಡಾಕೆ ಮನಸ್ಸು ಬರ್ಲಿಲ್ಲ. ಮಗ ಅಂದ್ರೂ ಬರ್ಲಿಲ್ಲ. ನೀ ಬಿಲ್ಲೆ ಎಂತ ಆತು ಅಂತ ಕೇಳ್ದೆ. ಅವ್ನು ನನ್ನ ಹೆಸ್ರು ಕೇಳ್ದ. ಇಲ್ಲೇ ಕೂತಿದ್ದ, ಎರಡು ತಾಸು. ಯಾವ ವರ್ಷ ಸೇರಿದ್ದು, ಎಷ್ಟು ಮಳೇಲಿ ಗಿಡ ನೆಟ್ಟಿದ್ದು, ನೀ ಹುಟ್ಟಿದಾಗ ಎಷ್ಟು ದಿನಕ್ಕೆ ಕೆಲ್ಸಕ್ಕೆ ಹೋದೆ, ಎಲ್ಲಾ ಕೇಳ್ದ. ಫೋನಲ್ಲಿ ಬರ್ಕಂಡ. ಯಾರ್ ಕೇಳಿದ್ರು ಇದ್ನೆಲ್ಲ ನನ್ನ?"

ಶಂಕರ ಕೇಳಿರಲಿಲ್ಲ. ಬಿಲ್ಲೆಗಳ ದಪ್ಪವನ್ನು ಅಳೆಯಲು ಅವನು ಚಿಕ್ಕಮಗಳೂರಿನಿಂದ ಒಂದು ಸಾಧನ ತರಿಸಿದ್ದ. ಅವ್ವನ ಪಕ್ಕದಲ್ಲಿ ಎರಡು ತಾಸು ಕೂತದ್ದು ನೆನಪಿರಲಿಲ್ಲ.

"ಮ್ಯೂಜಿಯಂ ಮಾಡ್ತಾರಂತೆ ಚಿಕ್ಕಮಗ್ಳೂರಲ್ಲಿ" ಎಂದು ಅವಳು ಮುಂದುವರಿಸಿದಳು. ಮುಖ ಬೆಳಗಿತು. "ಆಳುಗಳದ್ದೇ ಮ್ಯೂಜಿಯಮ್ಮು. ಗಾಜಿನ ಪೆಟ್ಟಿಗೇಲಿ ಬಿಲ್ಲೆ ಇಟ್ಟು ಕೆಳಗೆ ಹೆಸ್ರು ಬರೀತಾರಂತೆ. ಗಿಡ್ಡಮ್ಮ, ನೇರಳೆಖಾನಲ್ಲಿ ಮೂವತ್ತೆರಡು ವರ್ಷ ಕೆಲ್ಸ ಮಾಡಿದ್ರು ಅಂತ. ಮಗನಿಗೆ ಈಗ್ಲೇ ಹೇಳ್ಬೇಡಿ ಅಜ್ಜಿ, ಓಪನ್ ಮಾಡೋ ದಿನ ಕರ್ಕಂಡು ಬನ್ನಿ, ಖುಷಿ ಪಡ್ತಾರೆ ಅಂದ. ಎಲೆ ಅಡಿಕೆಗೆ ಅಂತ ಇನ್ನೂರು ರೂಪಾಯಿ ಮಡಿಲಿಗೆ ಹಾಕಿ ಹೋದ."

ಅಷ್ಟು ಹೇಳಿದವಳು ಕೈಯಲ್ಲಿದ್ದ ಬಿಲ್ಲೆಯನ್ನು ಮತ್ತೆ ನೋಡಿದಳು. ಬೆಳಗಿದ ಮುಖ ಹಾಗೇ ಕಂದಿತು.

"ಅಲ್ಲಿಂದ ನೀ ಎಂತಕ್ಕೆ ತಂದೆ ಇದ್ನ?"

"ಅವ್ವ..."

"ಡಬ್ಬಿ ತುಂಬ ಇದೆಯಲ್ಲ ಊರೋರ ಬಿಲ್ಲೆ. ಅದು ಸಾಕಾಗ್ಲಿಲ್ವಾ ನಿಂಗೆ? ನನ್ನ ಹೆಸ್ರು ಹಾಕಿ ಇಟ್ಟಿದ್ದನ್ನೂ ದುಡ್ಡು ಕೊಟ್ಟು ಎಬ್ಬಿಸ್ಕಂಡು ಬಂದ್ಯಾ?"

ಹೇಳಲು ಬಾಯಿ ತೆರೆದ. ಮ್ಯೂಜಿಯಂ ಇಲ್ಲ ಅವ್ವ, ಗಾಜಿನ ಪೆಟ್ಟಿಗೆ ಇಲ್ಲ, ಅವನು ಕಳ್ಳ, ನಿನ್ನ ಮಾತು ಕೇಳುತ್ತಾ ಕೂತದ್ದು ಈ ಹಿತ್ತಾಳೆಗಾಗಿ. ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು, ಎಲ್ಲವೂ ನಿಜವಾಗಿತ್ತು. ಆದರೆ ಆ ಎರಡು ತಾಸು? ಎಪ್ಪತ್ತೊಂಬತ್ತು ವರ್ಷದಲ್ಲಿ ಯಾರೋ ಒಬ್ಬ ಕೂತು ಕೇಳಿದ ಆ ಎರಡು ತಾಸನ್ನೂ ಅವಳ ಕೈಯಿಂದ ಕಿತ್ತುಕೊಂಡರೆ ಮುದುಕಿಗೆ ಉಳಿಯುವುದೇನು? ಶಂಕರ ಬಾಯಿ ಮುಚ್ಚಿದ.

"ತಪ್ಪಾಯ್ತವ್ವ" ಎಂದ. "ವಾಪಸ್ ಕಳ್ಸ್ತೀನಿ."

"ನಾಳೇನೇ ಕಳ್ಸು" ಎಂದು ಗಿಡ್ಡಮ್ಮ ಬಿಲ್ಲೆಯನ್ನು ಅವನ ಕೈಗೆ ಕೊಟ್ಟಳು. ಅವನ ಮುಖ ನೋಡಲಿಲ್ಲ.

ಮಧ್ಯಾಹ್ನ ದಿಬ್ಬಕ್ಕೆ ಹೋಗಿ ಲಿಖಿತನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ. ಹೊಟ್ಟೆಯ ಉರಿ ಇಳಿಯುವವರೆಗೂ ಬೈದ. ಆ ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಸಾರ್, ಬೇಜಾರಾಗ್ಬೇಡಿ. ಎಷ್ಟಾದರೂ ಸರಿ ಅಂತ ಬರ್ದಿದ್ದು ನೀವೇ ಅಲ್ವಾ?" ಎಂದ. "ಅಜ್ಜಿ ಮಾತ್ರ ತುಂಬಾ ಒಳ್ಳೆಯವ್ರು ಸಾರ್. ಅವ್ರು ಹೇಳಿದ ವಿಷ್ಯ ಇನ್ನೂ ನನ್ನ ಫೋನಲ್ಲೇ ಇದೆ. ಬೇಕಿದ್ರೆ ಕಳಿಸ್ಲಾ?"

ಶಂಕರ ಫೋನ್ ಇಟ್ಟುಬಿಟ್ಟ. ಬೇಕು ಎನ್ನಬೇಕಾಗಿತ್ತು ಎಂದು ಅವನಿಗೆ ಹೊಳೆದದ್ದು ಇಳಿಜಾರಿನ ಅರ್ಧ ದಾರಿಗೆ ಬಂದ ಮೇಲೆ. ತಿರುಗಿ ದಿಬ್ಬ ಹತ್ತಲು ಮುಖವಿರಲಿಲ್ಲ. ಬಿಲ್ಲೆಯನ್ನು ಮನೆಯಲ್ಲಿಡುವಂತಿರಲಿಲ್ಲ. ಎಸ್ಟೇಟ್ ಆಫೀಸಿನ ತನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಬಟವಾಡೆ ಕಾಗದಗಳ ಅಡಿಗೆ ಸೇರಿಸಿ ಬೀಗ ಹಾಕಿದ. ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟ ಬಿಲ್ಲೆ, ಯಾರಿಗೂ ತೋರಿಸುವಂತಿಲ್ಲ. ಉಮೇಶನಿಗೂ ತೋರಿಸಲಿಲ್ಲ.

ಗಿಡ್ಡಮ್ಮ ನಾಲ್ಕು ದಿನ ಮಗನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಊಟಕ್ಕೆ ಕೂತಾಗ ಕೇಳಿದಳು.

"ಕಳ್ಸಿದ್ಯಾ?"

"ಕಳ್ಸಿದೆ."

"ಮುಟ್ತಂತಾ?"

"ಮುಟ್ಟಿದೆ. ಅಲ್ಲೇ ಇಟ್ರಂತೆ."

"ಗಾಜಿನ ಪೆಟ್ಟಿಗೇಲಾ?"

"ಹೂಂ."

"ಹೆಸ್ರು?"

ಶಂಕರ ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿದ. "ಬರ್ದಿದಾರೆ. ದೊಡ್ಡಕ್ಷರದಲ್ಲಿ."

ಗಿಡ್ಡಮ್ಮನಿಗೆ ಸಮಾಧಾನವಾಯಿತು. ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುವಂತೆ ಸೊಸೆಗೆ ಹೇಳಿದಳು. ರಂಜಿತಾ ಇಬ್ಬರನ್ನೂ ನೋಡಿ, ಏನೋ ರಾಜಿಯಾಯಿತೆಂದುಕೊಂಡು ಸಾರು ಬಡಿಸಿದಳು. ಮರುದಿನ ಭಾನುವಾರ. ಶಂಕರ ಎದ್ದು ಹೊರಗೆ ಬಂದಾಗ ಅವ್ವ ಆಗಲೇ ಮಿಂದು, ಮದುವೆ ಮನೆಗಳಿಗೆ ಮಾತ್ರ ಉಡುವ ಸೀರೆ ಉಟ್ಟು, ಕೈಯಲ್ಲಿ ಎಲೆ ಅಡಿಕೆ ಚೀಲ ಹಿಡಿದು ಜಗುಲಿಯ ತುದಿಯಲ್ಲಿ ಕೂತಿದ್ದಳು.

"ಮಳೆ ಹಿಡಿದ್ರೆ ಮತ್ತೆ ನನ್ನ ಕೈಲಿ ಆಗಾಕಿಲ್ಲ" ಎಂದಳು. "ಎಂಟು ಗಂಟೆ ಬಸ್ಸಿಗೆ ಚಿಕ್ಕಮಗ್ಳೂರಿಗೆ ಹೋಗಣ, ಅದ್ನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ಎಂತ ಬರ್ದಿದಾರೆ ಅಂತ ನೀನೇ ಓದಿ ಹೇಳು."